ಹಾಲುಬಣ್ಣದ ಗೇರ್ ಆಯಿಲ್ ಕಂಡರೆ ಆಯಿಲ್ ಬದಲಿಸಿ ಸುಮ್ಮನಾಗಬೇಡಿ

ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಕೊಂಡು ಅದರ ರಿಪೇರಿಯನ್ನು ತಾವೇ ಮಾಡಿಕೊಳ್ಳುವ ಹವ್ಯಾಸವುಳ್ಳವರಿಗೆ, ಅದರಲ್ಲೂ ಅಮೆರಿಕದ ಚಳಿ ಸೀಮೆಯಲ್ಲಿ ನೆಲೆಸಿರುವ ನಮ್ಮವರಿಗೆ, ಈ ಬರಹ. ಗೇರ್ ಬಾಕ್ಸಿನ ತಳದ ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲು ಬೆರೆತ ಕಾಫಿಯಂತೆ ಇಳಿದರೆ ಅದರಲ್ಲಿ ನೀರು ಸೇರಿದೆ ಎಂದು ತಿಳಿಯಬೇಕು. ಬಂದಷ್ಟನ್ನು ಸುರಿದು, ಹೊಸದನ್ನು ತುಂಬಿ, ಕೈ ತೊಳೆದುಕೊಂಡರೆ ಆ ನೀರು ಹೋಗುವುದಿಲ್ಲ. ನಾನು ಹಾಗೆಯೇ ಕೈ ತೊಳೆದುಕೊಂಡಿದ್ದೆ.

ನನ್ನದು ಓಹಾಯೋ ರಾಜ್ಯದಲ್ಲಿ ಕೊಂಡ ಕಬ್ ಕೆಡೆಟ್ 100. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ಮೊದಲ ಕಬ್ ಕೆಡೆಟ್ ಅನ್ನು ಮಾರುಕಟ್ಟೆಗೆ ತಂದಿತು. 1963ರಿಂದ 1965ರವರೆಗೆ ತಯಾರಾದ ಈ 100ರಲ್ಲಿ ಹತ್ತು ಅಶ್ವಶಕ್ತಿಯ ಕೋಹ್ಲರ್ ಎಂಜಿನ್ ಇದೆ. ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ಬೆಲ್ಟ್ ಇಲ್ಲ, ನೇರವಾಗಿ ಶಾಫ್ಟ್ ಹೋಗುತ್ತದೆ. ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಎರಕದ ಕಬ್ಬಿಣದ ಆ ಪೆಟ್ಟಿಗೆಯನ್ನು ನೋಡಿದವರಿಗೆ ಇದಕ್ಕೆ ಸಾವೇ ಇಲ್ಲ ಎನಿಸುತ್ತದೆ. ನನಗೂ ಹಾಗೆಯೇ ಅನಿಸಿದ್ದು ದುಬಾರಿಯಾಯಿತು.

ಹಿಂದಿನ ಮಾಲೀಕರು ಅದನ್ನು ಕೆಲವು ವರ್ಷ ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ನಿಲ್ಲಿಸಿದ್ದರು. ಟಾರ್ಪಾಲು ಹರಿದಿತ್ತು, ಗೇರ್ ಲಿವರಿನ ಬುಡಕ್ಕಿರುವ ರಬ್ಬರು ಬಿರುಕು ಬಿಟ್ಟಿತ್ತು. ಮಳೆ ಬಂದಾಗಲೆಲ್ಲ ಲಿವರಿನ ಗುಂಟ ಇಳಿದ ನೀರು ನೇರವಾಗಿ ಪೆಟ್ಟಿಗೆಯ ಒಳಗೇ ಬಿದ್ದಿರಬೇಕು. ಕೊಳ್ಳುವಾಗ ಟೈರು ನೋಡಿದೆ, ಎಂಜಿನ್ ಓಡಿಸಿ ಹೊಗೆ ನೋಡಿದೆ, ಬಣ್ಣ ಸವರಿ ನೋಡಿದೆ. ಆ ಎರಡು ಇಂಚಿನ ರಬ್ಬರನ್ನು ಮಾತ್ರ ನೋಡಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಆಯಿಲ್ ಬದಲಿಸಲು ಕೂತೆ. ಮಾಡಿದ ಮೊದಲ ತಪ್ಪು ತೀರಾ ಸಣ್ಣದು: ಮಟ್ಟ ನೋಡುವ ಹಿಂಬದಿಯ ಪ್ಲಗ್ ಸಡಿಲವಾಗುತ್ತದೆಯೇ ಎಂದು ಪರೀಕ್ಷಿಸದೆ ತಳದ ಪ್ಲಗ್ಗನ್ನು ಮೊದಲು ಬಿಚ್ಚಿದೆ. ಆಯಿಲೆಲ್ಲ ಇಳಿದ ಮೇಲೆ ನೋಡಿದರೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅದರ ಮೂಲೆಗಳೇ ಸವೆದವು. ಎಂಜಿನ್ ಓಡಿಸಿ ಆಯಿಲನ್ನು ಬಿಸಿ ಮಾಡಿಕೊಂಡಿರಲೂ ಇಲ್ಲ. ತಣ್ಣಗಿನ ಆ ದ್ರವ ಮೊದಲು ಬಾಯಿ ತುಂಬ ಸುರಿದು, ಆಮೇಲೆ ದೋಸೆ ಹಿಟ್ಟಿನಂತೆ ಗುಳುಗುಳು ಇಳಿದು, ಕೊನೆಗೆ ಹನಿಯಾಗಿ ನಿಂತಿತು. ಈ ಪೆಟ್ಟಿಗೆಗೆ ಬೇಕಾದ ಆಯಿಲ್ ಏಳು ಪಿಂಟ್, ಅಂದರೆ ಸುಮಾರು 3.3 ಲೀಟರ್. ನನ್ನ ಬೋಗುಣಿಯಲ್ಲಿ ಬಿದ್ದದ್ದು ಎರಡೂವರೆ ಲೀಟರೂ ಇರಲಿಲ್ಲ. ಉಳಿದದ್ದು ಎಲ್ಲಿ ಎಂಬ ಪ್ರಶ್ನೆ ಆಗ ನನ್ನ ತಲೆಗೆ ಬರಲೇ ಇಲ್ಲ.

ಬಾರದಿರಲು ಒಂದು ಕಾರಣವೂ ಇತ್ತು. ನಾನು ಮಲೆನಾಡಿನವನು. ನಮ್ಮ ಮನೆಯ ಪವರ್ ಟಿಲ್ಲರ್ ಮಳೆಗಾಲವಿಡೀ ಕೆಸರುಗದ್ದೆಯಲ್ಲೇ ಇರುತ್ತಿತ್ತು, ಅದರ ಆಯಿಲ್ ಹಾಲಿನಂತಾಗುವುದು ನಮಗೆ ಹೊಸದಲ್ಲ. ಅಪ್ಪಯ್ಯ ಅದನ್ನು ಇಳಿಸಿ ಹೊಸದು ಹಾಕುತ್ತಿದ್ದರು, ಟಿಲ್ಲರ್ ಮತ್ತೆ ಗದ್ದೆಗೆ ಇಳಿಯುತ್ತಿತ್ತು. ಅಲ್ಲಿ ಒಳಗುಳಿದ ನೀರು ಬೇರಿಂಗನ್ನು ನಿಧಾನವಾಗಿ ತಿನ್ನುತ್ತಿತ್ತೇ ಹೊರತು ಎಂದೂ ಹೆಪ್ಪುಗಟ್ಟುತ್ತಿರಲಿಲ್ಲ. ಊರಿನ ಅನುಭವವನ್ನು ಓಹಾಯೋದ ಜನವರಿಗೆ ಅನ್ವಯಿಸಿದ್ದೇ ನನ್ನ ನಿಜವಾದ ತಪ್ಪು.

ಅದರ ಮೇಲೆ ಅಗ್ಗದ ಆಸೆ. ಈ ಯಂತ್ರಕ್ಕೆ ಕಂಪನಿಯೇ ಹೇಳಿದ ಹೈ-ಟ್ರಾನ್ ಎಂಬ ಆಯಿಲ್ ಇದೆ. ಒಳಗೆ ಸೇರಿದ ಅಲ್ಪಸ್ವಲ್ಪ ನೀರನ್ನು ಅದು ತನ್ನಲ್ಲೇ ಬೆರೆಸಿ ಹಿಡಿದಿಟ್ಟುಕೊಳ್ಳುತ್ತದೆ, ತಳಕ್ಕೆ ಇಳಿಯಲು ಬಿಡುವುದಿಲ್ಲ. ನಾನು ತಂದದ್ದು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕ, ‘ಎಲ್ಲ ಟ್ರ್ಯಾಕ್ಟರಿಗೂ ಸೂಕ್ತ, 303’ ಎಂದು ಬರೆದಿದ್ದ ಹಳದಿ ಬಕೆಟ್ಟನ್ನು. 303 ಎಂಬುದು ಜಾನ್ ಡೀರ್ ಕಂಪನಿ ಬಹಳ ಹಿಂದೆ ಕೈಬಿಟ್ಟ ಒಂದು ಮಾನದಂಡ. ಆ ಕಾಲದ ಆಯಿಲಿನಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಇರುತ್ತಿತ್ತು, 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ತಡೆ ಬಿದ್ದಾಗ ಆ ಆಯಿಲೂ ಹೋಯಿತು. ಇಂದು ಆ ಸಂಖ್ಯೆ ಬರೆದುಕೊಂಡು ಬರುವ ಬಕೆಟ್ಟಿನಲ್ಲಿ ಏನಿರಬೇಕೆಂದು ಹೇಳುವ ಜೀವಂತ ಮಾನದಂಡವೇ ಇಲ್ಲ. ಮಿಸ್ಸೌರಿ ರಾಜ್ಯ ಇಂಥ ಆಯಿಲಿನ ಮಾರಾಟವನ್ನೇ ತಡೆಯಿತು. ನನಗೆ ಇದೆಲ್ಲ ತಿಳಿದದ್ದು ಗೇರ್ ಮುರಿದ ಮೇಲೆ.

ಮಟ್ಟದ ಪ್ಲಗ್ ತೆರೆಯದ ಕಾರಣ ಗೇರ್ ಲಿವರನ್ನು ಬಿಚ್ಚಿ ಮೇಲಿನ ತೂತಿನಿಂದ ಏಳು ಪಿಂಟ್ ಅಳೆದು ಸುರಿದಿದ್ದೆ. ಜನವರಿಯ ಒಂದು ಬೆಳಗ್ಗೆ, ಉಷ್ಣತೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಸೆಲ್ಸಿಯಸ್ ಕೆಳಗಿದ್ದಾಗ, ಹಿಮ ತಳ್ಳಲು ಮುಂದಿನ ಬ್ಲೇಡ್ ಕಟ್ಟಿ ಟ್ರ್ಯಾಕ್ಟರ್ ಚಾಲೂ ಮಾಡಿದೆ. ಕ್ಲಚ್ ಬಿಟ್ಟರೆ ಎಂಜಿನ್ ನರಳಿ ನಿಂತಿತು. ಟೈರುಗಳು ನೆಲಕ್ಕೆ ಅಂಟಿವೆ ಎಂದುಕೊಂಡು ರಿವರ್ಸ್ ಹಾಕಿ, ಸ್ವಲ್ಪ ಹೆಚ್ಚೇ ಆಕ್ಸಿಲರೇಟರ್ ಕೊಟ್ಟು ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ. ಸೀಟಿನ ಕೆಳಗೆ ‘ಕಟಕ್’ ಎಂದಿತು. ಒಣಗಿದ ತೆಂಗಿನ ಗೆರಟೆಯನ್ನು ಕಲ್ಲಿಗೆ ಕುಕ್ಕಿದ ಸದ್ದು. ಅಲ್ಲಿಂದಾಚೆಗೆ ರಿವರ್ಸಿನಲ್ಲಿ ಗರಗರ ಸದ್ದಷ್ಟೇ ಬರುತ್ತಿತ್ತು, ಗಾಡಿ ಕದಲುತ್ತಿರಲಿಲ್ಲ.

ಮಾರ್ಚಿನಲ್ಲಿ ಹಿಂಬದಿಯ ಮುಚ್ಚಳ ಕಳಚಿದಾಗ ಎಲ್ಲವೂ ಕಣ್ಣಿಗೆ ಬಿತ್ತು. ಹೊಸ ಆಯಿಲಿನ ಅಡಿಯಲ್ಲಿ ಬೇರೆಯಾಗಿ ನಿಂತ ನೀರು, ಅದರ ತಳದಲ್ಲಿ ಅಕ್ಟೋಬರಿನಲ್ಲಿ ಇಳಿಯದೆ ಉಳಿದಿದ್ದ ಹಳೆಯ ಬೂದುಬಣ್ಣದ ಗಸಿ. ಆಯಿಲಿಗಿಂತ ಭಾರವಾದ ನೀರು ತಳಕ್ಕೆ ಇಳಿದು, ಗೇರಿನ ಹಲ್ಲುಗಳು ಮುಳುಗಿರುವ ಜಾಗದಲ್ಲೇ ಮಂಜುಗಡ್ಡೆಯಾಗಿ ಅವನ್ನು ಹಿಡಿದುಕೊಂಡಿತ್ತು. ರಿವರ್ಸ್ ಗೇರಿನ ಮೂರು ಹಲ್ಲುಗಳನ್ನು ಆಯಸ್ಕಾಂತದಿಂದ ಆ ಗಸಿಯೊಳಗಿನಿಂದ ಹೆಕ್ಕಿದೆ. ಗೇರ್ ಬಾಕ್ಸನ್ನು ಇಡಿಯಾಗಿ ಇಳಿಸಿ, ಹಳೆಯ ಗೇರು ಹುಡುಕಿ ತಂದು, ತುಕ್ಕು ಕಚ್ಚಿದ ಎರಡು ಬೇರಿಂಗ್ ಬದಲಿಸುವ ಹೊತ್ತಿಗೆ ಜುಲೈ ಬಂದಿತ್ತು. ಖರ್ಚಿನ ಲೆಕ್ಕವನ್ನು ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ.

ಆದುದರಿಂದ ನಿಮ್ಮ ಯಂತ್ರದ ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಹಿಂಬದಿಯ ಮುಚ್ಚಳವನ್ನು ತೆಗೆಯಲೇಬೇಕು. ಒಂದು ಹೊಸ ಗ್ಯಾಸ್ಕೆಟ್ ಮತ್ತು ಒಂದು ಮಧ್ಯಾಹ್ನ, ಅಷ್ಟೇ ಅದರ ಬೆಲೆ. ಒಳಗಿನ ಗಸಿಯನ್ನು ಬಟ್ಟೆಯಿಂದ ಬಳಿದು ತೆಗೆದು, ಮೂಲೆ ಮೂಲೆಗೂ ಸೀಮೆಎಣ್ಣೆ ಬಿಟ್ಟು ತೊಳೆದು, ಇಡೀ ರಾತ್ರಿ ತೆರೆದಿಟ್ಟು ಒಣಗಿಸಿ. ಆ ಬಳಿಕ ಹಾಕಿದ ಆಯಿಲಿನಲ್ಲಿ ಕೆಲವು ಗಂಟೆ ಓಡಿಸಿ, ಬಿಸಿ ಇರುವಾಗಲೇ ಇಳಿಸಿ ಇನ್ನೊಮ್ಮೆ ತುಂಬಿ. ಲಿವರಿನ ರಬ್ಬರನ್ನು ಬದಲಿಸದೆ ಇದನ್ನೆಲ್ಲ ಮಾಡುವುದು ತೂತಿರುವ ಮಾಡಿನ ಕೆಳಗೆ ನೆಲ ಒರೆಸಿದಂತೆ.

ಸಂಶಯವಿದ್ದಾಗ ನಾನೀಗ ಮಾಡುವ ಪರೀಕ್ಷೆ ಸುಲಭದ್ದು. ಪ್ರತಿ ನವೆಂಬರಿನಲ್ಲಿ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಷೆಡ್ಡಿನ ಹೊರಗೆ ಕಾದ ಹಳೆಯ ತವೆಯ ಮೇಲೆ ಗೇರ್ ಬಾಕ್ಸಿನ ಆಯಿಲನ್ನು ಒಂದೆರಡು ಹನಿ ಬಿಡುತ್ತೇನೆ. ನೀರಿದ್ದರೆ ಅದು ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಎನ್ನುತ್ತದೆ. ಕಳೆದ ಸಲ ಬಿಟ್ಟ ಹನಿ ಸದ್ದಿಲ್ಲದೆ ಹರಡಿ, ಸಣ್ಣಗೆ ಹೊಗೆಯಾಡಿತು.