ಎಲಿಫೆಂಟ್ ಸೀಲ್ ಛಾಯಾಗ್ರಹಣ: ಆನ್ಯೊ ನುಯೇವೊ ಮತ್ತು ಪಿಯೆಡ್ರಾಸ್ ಬ್ಲಾಂಕಾಸ್

ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದನೆಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗುವವರಿಗೆ ಎಲಿಫೆಂಟ್ ಸೀಲ್‌ಗಳ (ಗಂಡಿಗೆ ಸೊಂಡಿಲಿನಂಥ ಮೂಗಿರುವ ದೊಡ್ಡ ಕಡಲ ಸಸ್ತನಿಗಳ) ಫೋಟೊ ತೆಗೆಯಲು ಎರಡು ಒಳ್ಳೆಯ ತಾಣಗಳು ಸಿಗುತ್ತವೆ. ಸುಮಾರು 55 ಮೈಲಿ ದೂರದಲ್ಲಿ ಆನ್ಯೊ ನುಯೇವೊ ಸ್ಟೇಟ್ ಪಾರ್ಕ್ ಇದ್ದರೆ, ಬಿಗ್ ಸರ್ ಎಂಬ ಗುಡ್ಡಗಾಡಿನ ಕರಾವಳಿ ದಾಟಿದ ಮೇಲೆ ಸ್ಯಾನ್ ಸಿಮಿಯನ್ ಊರಿನ ಬಳಿ ಪಿಯೆಡ್ರಾಸ್ ಬ್ಲಾಂಕಾಸ್ ಕಡಲತೀರ ಇದೆ. ಚಳಿಗಾಲದಲ್ಲಿ ಎರಡೂ ಕಡೆ ಕ್ಯಾಮೆರಾ ಹಿಡಿದು ನಿಂತ ನನಗೆ ಎರಡನೆಯದೇ ಮೇಲೆನಿಸಿದೆ.

ಆನ್ಯೊ ನುಯೇವೊದಲ್ಲಿ ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಸೀಲ್‌ಗಳ ಬಳಿ ಹೋಗಬಹುದು. ಮುಂಗಡ ಬುಕಿಂಗ್ ಬೇಕು, ಮರಳಿನಲ್ಲೂ ಸೇರಿ ಸುಮಾರು ಮೂರು ಮೈಲಿ ನಡೆಯಬೇಕು. ಮರಳದಿಬ್ಬಗಳ ನಡುವೆ ಮಲಗಿದ ಪ್ರಾಣಿಗಳು ಕೆಲವೊಮ್ಮೆ ನಾವು ನಿಂತ ಮಟ್ಟದಲ್ಲೇ ಇರುವುದರಿಂದ, ಮಂಡಿಯೂರಿ ಕುಳಿತರೆ ಗಂಡಿನ ಸೊಂಡಿಲು ಬಾನಿನ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಮೂಡುತ್ತದೆ, ಇಂಥ ಕೋನ ಇನ್ನೊಂದು ಕಡೆ ಸಿಗುವುದಿಲ್ಲ. ಆದರೆ ಎರಡು ಗಂಡುಗಳು ಎದೆಯೆತ್ತಿ ಕಾದಾಟಕ್ಕೆ ಸಜ್ಜಾಗುತ್ತಿರುವಾಗಲೇ ಗುಂಪು ಮುಂದಕ್ಕೆ ಹೊರಟರೆ ನಾವೂ ಹೊರಡಲೇಬೇಕು. ಗಾಳಿಯಲ್ಲಿ ಮರಳು ಹಾರುವುದರಿಂದ ಅಲ್ಲಿ ಲೆನ್ಸ್ ಬದಲಾಯಿಸುವ ಯೋಚನೆಯನ್ನೇ ಬಿಟ್ಟು, 100–400 ಮಿ.ಮೀ. ಜೂಮ್ ಲೆನ್ಸ್ ಒಂದನ್ನೇ ಹಾಕಿಕೊಂಡು ಹೋಗುವುದು ಲೇಸು.

ಪಿಯೆಡ್ರಾಸ್ ಬ್ಲಾಂಕಾಸ್‌ಗೆ ಸೀಲ್‌ಗಳು ಬಂದು ನೆಲೆಸತೊಡಗಿದ್ದು 1990ರಲ್ಲಿ, ಅಂದರೆ ಹೆದ್ದಾರಿಯಾಗಿ ಎಷ್ಟೋ ದಶಕಗಳ ನಂತರ. ಹಾಗಾಗಿಯೇ ಅವು ರಸ್ತೆಯ ಪಕ್ಕದಲ್ಲೇ ಸಿಗುತ್ತವೆ. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಇಟ್ಟರೆ ಮರದ ಹಲಗೆಯ ಕಾಲುದಾರಿ. (ಊರಿನಿಂದ ಬಂದ ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.) ಇಲ್ಲಿನ ಕೊರತೆಯೆಂದರೆ ನಾವು ದಂಡೆಗಿಂತ ಎತ್ತರದಲ್ಲಿ ನಿಲ್ಲುವುದು: ನೇರ ಕೆಳಗಿರುವ ಪ್ರಾಣಿ ಚಿತ್ರದಲ್ಲಿ ಮರಳ ಮೇಲೆ ಉರುಳಿಸಿದ ಮೂಟೆಯಂತೆ ಕಾಣುತ್ತದೆ. ಹತ್ತಿರದ್ದನ್ನು ಬಿಟ್ಟು ದಂಡೆಯುದ್ದಕ್ಕೂ ದೂರದಲ್ಲಿರುವುದನ್ನು ಉದ್ದ ಲೆನ್ಸಿನಿಂದ ಹಿಡಿದರೆ ನೋಟದ ಕೋನ ಎಷ್ಟೋ ಸಮನಾಗುತ್ತದೆ.

ಆ ಕೊರತೆಯನ್ನು ತುಂಬಿಕೊಡುವುದು ಬೇಕಾದಷ್ಟು ಹೊತ್ತು ಕಾಯುವ ಅವಕಾಶ. ಜನವರಿಯ ಕೊನೆಯ ಭಾಗದಲ್ಲಿ ಹೆರಿಗೆಗಳು ಹೆಚ್ಚು. ಒಂದು ಹೆಣ್ಣಿನ ಸುತ್ತ ಕಡಲಕಾಗೆಗಳು ಕಿರುಚುತ್ತ ಮುಗಿಬಿದ್ದರೆ ಅಲ್ಲಿ ಆಗತಾನೇ ಮರಿ ಹುಟ್ಟಿದೆಯೆಂದು ತಿಳಿಯಬೇಕು, ಏಕೆಂದರೆ ಅವು ಬರುವುದು ಮಾಸಿಗಾಗಿ. ಕಪ್ಪು ತುಪ್ಪಳದ ಮರಿ, ಹೊಳೆಯುವ ಮರಳು ಎರಡೂ ಒಂದೇ ಚೌಕಟ್ಟಿನಲ್ಲಿ ಬಂದಾಗ ಕ್ಯಾಮೆರಾ ಮರಳಿನ ಹೊಳಪನ್ನು ನಂಬಿ ಮರಿಯನ್ನು ಇನ್ನಷ್ಟು ಕಪ್ಪಾಗಿಸುವುದರಿಂದ, ಎಕ್ಸ್‌ಪೋಶರನ್ನು (ಕ್ಯಾಮೆರಾ ಒಳಗೆ ಬಿಡುವ ಬೆಳಕನ್ನು) ಸ್ವಲ್ಪ ಏರಿಸಿಕೊಳ್ಳಬೇಕು. ಬೆಳಗಿನ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬೀಳುತ್ತದೆ. ಸಂಜೆ ಕಡಲ ಕಡೆಯ ಬೆಳಕಿನಲ್ಲಿ ಸಿಗುವುದು ನೆರಳುಚಿತ್ರಗಳು ಮಾತ್ರ.

ಏಪ್ರಿಲ್‌ನಿಂದ ನವೆಂಬರ್‌ವರೆಗೆ ಆನ್ಯೊ ನುಯೇವೊದಲ್ಲೂ ಪರವಾನಗಿ ಪಡೆದು ಮಾರ್ಗದರ್ಶಕರಿಲ್ಲದೆ ನಡೆಯಬಹುದು, ಆಗ ಎರಡು ತಾಣಗಳ ನಡುವಿನ ಈ ಅಂತರ ಬಹುಮಟ್ಟಿಗೆ ಕರಗುತ್ತದೆ. ಆದರೆ ಆ ಕಾಲದಲ್ಲಿ ಕಾಣುವುದು ಹೆಚ್ಚಾಗಿ ಚರ್ಮ ಕಳಚುತ್ತ ಮಲಗಿದ ಪ್ರಾಣಿಗಳು. ಚಳಿಗಾಲದಲ್ಲಿ ಪಿಯೆಡ್ರಾಸ್ ಬ್ಲಾಂಕಾಸ್‌ಗೇ ಹೊರಡುವವರು, ಮಳೆಯಿಂದ ಗುಡ್ಡ ಕುಸಿದು ಬಿಗ್ ಸರ್ ರಸ್ತೆ ಮುಚ್ಚುವುದು ಸಾಮಾನ್ಯವಾದ್ದರಿಂದ, 101ನೆಯ ಹೆದ್ದಾರಿಯಲ್ಲಿ ಬಂದು 46ರ ಮೂಲಕ, ಅದರ ದಕ್ಷಿಣಕ್ಕಿರುವ ಕೇಂಬ್ರಿಯಾ ಊರು ತಲುಪುವುದು ಮೇಲು.