ಗಂಜಿ ಬಟ್ಟೆ ಮೇಲೆ ಹೊಲಿದು ತೋರಿಸಿದರೆ ನಂಬಬೇಡಿ

ಹುಬ್ಬಳ್ಳಿ ಕಡೆ ಕೌದಿ ಹೊಲಿಯಲು ಹಳೇ ಕಪ್ಪು ಮಷೀನು ಹುಡುಕುತ್ತಿರುವವರು ದಯವಿಟ್ಟು ಓದಿ. ‘ಒರಿಜಿನಲ್ ಸಿಂಗರ್’ ಅಂತ ಹೇಳಿ ನನಗೆ 7,500 ರೂಪಾಯಿಗೆ ಬಣ್ಣ ಬಳಿದ ಗುಜರಿ ಕೊಟ್ಟಿದ್ದಾರೆ. ಬರೆಯುವಾಗಲೂ ಸಿಟ್ಟಿಗೆ ಕೈ ನಡುಗುತ್ತಿದೆ.

ಅಂಗಡಿಯವನು ಹೊಲಿದು ತೋರಿಸಿದ್ದು ಗಂಜಿ ಹಾಕಿದ ಬಿಳಿ ಬಟ್ಟೆ ಮೇಲೆ. ಸಾಲು ಏನು ಚೆಂದ ಬಂತು ಅಂತೀರಿ! ಗಂಜಿ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಅದರ ಮೇಲೆ ಎಂಥ ಮಷೀನೂ ನೆಟ್ಟಗೆ ಹೊಲಿಯುತ್ತದೆ. ನಾನು ತಂದಿದ್ದ ಹಳೇ ಸೀರೆ ಪದರ ಕೊಟ್ಟಾಗ, “ಅದಕ್ಕ ಸೂಜಿ ಬ್ಯಾರೆ ಬೇಕ್ರಿ ಅಕ್ಕಾರ, ಮನ್ಯಾಗ ಹಾಕ್ಕೊಳ್ರಿ” ಅಂದ.

ಮನೆಯಲ್ಲಿ 18ನೇ ನಂಬರ್ ಸೂಜಿ ಹಾಕಿ ನಾಲ್ಕು ಪದರ ಇಟ್ಟೆ. ಸೂಜಿ ಅಲ್ಲೇ ಕುಟ್ಟುತ್ತಿದೆ, ಬಟ್ಟೆ ಮುಂದೆ ಹೋಗ್ತಾನೇ ಇಲ್ಲ. ಅಡಿಯಲ್ಲಿ ಬರೀ ದಾರದ ಗಂಟು. ರಿಪೇರಿಯವರನ್ನು ಕರೆಸಿದೆ. ಅವರು ಸೂಜಿ ಕೆಳಗಿನ ಪ್ಲೇಟ್ ಬಿಚ್ಚಿ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲು ತೋರಿಸಿದರು. ಪೂರ್ತಿ ಸವೆದಿದೆ. ಆಮೇಲೆ ಮಷೀನ್ ಮೇಲಿನ ಬಂಗಾರ ಬಣ್ಣದ ‘ಸಿಂಗರ್’ ಅಕ್ಷರವನ್ನು ಉಗುರಿನಿಂದ ಕೆರೆದರು. ಎದ್ದು ಬಂತು. ಸ್ಟಿಕರ್! ಅದರ ಕೆಳಗೆ ಹೊಸ ಬಣ್ಣ, ಬಣ್ಣದ ಕೆಳಗೆ ಬೇರೆಯದೇ ಹೆಸರು. ಅತ್ತೆ, ಪಕ್ಕದ ಮನೆಯವರು ಎಲ್ಲಾ ನಿಂತು ನೋಡುತ್ತಿದ್ದರು. ‘ಸ್ಕಾಟ್ಲೆಂಡಿಂದ ಬಂದದ್ದು’ ಅಂತ ಅವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಮುಖ ಎಲ್ಲಿಡಲಿ?

ನಿಜವಾದ ಹಳೇ ಸಿಂಗರ್‌ಗೆ ಕಬ್ಬಿಣದ ಮೇಲೇ ನಂಬರ್ ಒತ್ತಿರುತ್ತಾರೆ. 1900ರ ನಂತರದ್ದಕ್ಕೆ ನಂಬರಿನ ಮುಂದೆ ಇಂಗ್ಲಿಷ್ ಅಕ್ಷರವೂ ಇರುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದಾ, ಯಾವ ಕಾಲದ್ದು ಅಂತ ಅದರಿಂದಲೇ ತಿಳಿಯುತ್ತದೆ. ಇದರಲ್ಲಿ ಆ ಜಾಗವನ್ನೇ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದಾರೆ!

ಅಂಗಡಿಯವನಿಗೆ ಫೋನ್ ಮಾಡಿದರೆ ಅವನ ಉತ್ತರ ಕೇಳಿ. ಮೊದಲು “ಎಣ್ಣಿ ಬಿಡ್ರಿ, ಸರಿ ಹೋಗತೈತಿ”. ಆಮೇಲೆ “ಕೌದಿ ಹೊಲಿತೀನಿ ಅಂತ ನೀವು ಹೇಳೇ ಇಲ್ಲಲ್ರಿ”. ಹೇಳಿದ್ದೆ! ಸೀರೆ ಪದರ ಕೈಯಲ್ಲಿ ಹಿಡಿದೇ ಹೇಳಿದ್ದೆ. ಕೊನೆಗೆ “ಹಳೇ ಮಾಲಿಗೆ ಗ್ಯಾರಂಟಿ ಎಲ್ಲಿಂದ ತರೂದ್ರಿ?” ದುಡ್ಡು ಎಣಿಸುವಾಗ ಮಾತ್ರ “ಮೊಮ್ಮಕ್ಕಳ ಕಾಲಕ್ಕೂ ಬರತೈತಿ” ಅಂದಿದ್ದ.

ಹೆಸರಿಗೆ ದುಡ್ಡು ಸುರಿಯಬೇಡಿ. ಹಲ್ಲು ಸವೆಯದ ಹಳೇ ಉಷಾ ಸಿಕ್ಕರೂ ಸಾಕು, ಅದರ ಬಾಬಿನ್ (ಅಡಿ ದಾರ ಸುತ್ತುವ ಉರುಳೆ), ಸೂಜಿ ಎಲ್ಲಾ ಕಡೆ ಸಿಗುತ್ತದೆ. ಸಿಂಗರ್ 28 ಮಾಡೆಲ್‌ನಂಥ, ಉದ್ದ ಶಟಲ್ (ಬಾಬಿನ್ ಕೂರುವ ದೋಣಿಯಂಥ ಗೂಡು) ಇರುವ ತೀರಾ ಹಳೇದು ನೋಡಲು ಚೆಂದ, ಆದರೆ ಬಾಬಿನ್ ಹುಡುಕಿ ಸಾಯಬೇಕು. ನಿಮ್ಮ ಕೌದಿ ತುಂಡನ್ನೇ ಒಯ್ಯಿರಿ. ಹೊಲಿಗೆ ಮೇಲೆ ಹೊಲಿಗೆ ಬರುವ ದಪ್ಪ ಜಾಗದಲ್ಲಿ ನೀವೇ ಕೂತು ಹೊಲಿಯಿರಿ. ‘ಮನ್ಯಾಗ ಹಾಕ್ಕೊಳ್ರಿ’ ಅಂದರೆ ಎದ್ದು ಬನ್ನಿ.

ವಾಪಸ್ ತಗೊಳ್ಳಿ ಅಂದರೆ ಈಗ ಕಿಲೋ ಲೆಕ್ಕದಲ್ಲಿ ಗುಜರಿ ರೇಟು ಹೇಳುತ್ತಿದ್ದಾನೆ. ಅವನೇ ಮಾರಿದ್ದು!