ಫೋರ್‌ವೀಲ್ ಡ್ರೈವ್ ಗಾಡಿಯ ಎರಡನೇ ಬ್ಯಾಟರಿ: ಏಳು ವರ್ಷಗಳ ಬಳಕೆಯ ನಂತರ

ಕ್ಯಾಂಪಿಂಗ್ ಪ್ರವಾಸಗಳಿಗೆಂದು ನಮ್ಮ ಫೋರ್‌ವೀಲ್ ಡ್ರೈವ್ ಗಾಡಿಗೆ ಎರಡನೇ ಬ್ಯಾಟರಿಯನ್ನು ಹಾಕಿಸಿ ಏಳು ವರ್ಷಗಳಾದವು. ಮೊದಲ ಮೂರು ವರ್ಷ 100 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು ಚಾರ್ಜ್ ಎಂದರೆ ಒಂದು ಆಂಪಿಯರ್-ಅವರ್) ಸಾಮರ್ಥ್ಯದ ಎಜಿಎಂ ಬ್ಯಾಟರಿ, ಅಂದರೆ ಆಮ್ಲವನ್ನು ಗಾಜಿನ ನಾರಿನ ಹಾಳೆಗಳಲ್ಲಿ ಹೀರಿಸಿಟ್ಟ ಸೀಸದ ಬ್ಯಾಟರಿ, ಇತ್ತು. ಅಲ್ಲಿಂದೀಚೆಗೆ ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದೆ. ಗಾಡಿ ಅದೇ, 45 ಲೀಟರಿನ ಕಂಪ್ರೆಸರ್ ಫ್ರಿಜ್ ಅದೇ, ದೀಪಗಳೂ ಅವೇ ಆಗಿರುವುದರಿಂದ ಎರಡನ್ನೂ ಹೋಲಿಸಿ ಹೇಳುವುದು ನನಗೆ ಸಾಧ್ಯವಾಗಿದೆ. ಹೊಸದಾಗಿ ಕೊಳ್ಳುವವರು ಮೊದಲು ಕೇಳುವುದು ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂದು. ಖರ್ಚಾದ ಚಾರ್ಜ್ ಎಷ್ಟು ಹೊತ್ತಿನಲ್ಲಿ, ಯಾವ ದಾರಿಯಿಂದ ಮರಳಿ ತುಂಬುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಮೊದಲ ಬ್ಯಾಟರಿ ಹಾಳಾದದ್ದು ಚಿಕ್ಕದಾಗಿತ್ತೆಂದಲ್ಲ, ಒಮ್ಮೆಯೂ ಸರಿಯಾಗಿ ತುಂಬಲಿಲ್ಲವೆಂದು.

ಲೆಕ್ಕ ಹೀಗಿದೆ. ಫ್ರಿಜ್‌ನ ಕಂಪ್ರೆಸರ್ ಓಡುವಾಗ ಸುಮಾರು 4ರಿಂದ 5 ಆಂಪಿಯರ್ ಎಳೆಯುತ್ತದೆ, ಆದರೆ ಅದು ಇಡೀ ಹೊತ್ತು ಓಡುವುದಿಲ್ಲ. ತಂಪಿನ ದಿನಗಳಲ್ಲಿ ದಿನವೊಂದಕ್ಕೆ 25 ಆಂಪಿಯರ್-ಅವರ್‌ನಷ್ಟು ಸಾಕಾದರೆ, ಬಿಸಿಲು ಸುಡುವ ದಿನಗಳಲ್ಲಿ 40 ದಾಟುತ್ತದೆ. ದೀಪ, ಫೋನ್, ಕ್ಯಾಮೆರಾ ಎಲ್ಲ ಸೇರಿ ಇನ್ನೊಂದು ಐದಾರು. ಎಜಿಎಂ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಷ್ಯ ಬೇಗ ಕುಗ್ಗುವುದರಿಂದ ನನಗೆ ನಿಜವಾಗಿ ದೊರೆಯುತ್ತಿದ್ದದ್ದು 50 ಮಾತ್ರ. ಅಂದರೆ ಬೇಸಿಗೆಯಲ್ಲಿ ಒಂದು ದಿನದ ದಾಸ್ತಾನು. ಮಾರನೆಯ ದಿನ ಎರಡು ಗಂಟೆ ಗಾಡಿ ಓಡಿಸಿದರೆ ಎಲ್ಲವೂ ತುಂಬಿಕೊಳ್ಳುತ್ತದೆ ಎಂದು ನಾನು ನಂಬಿದ್ದೆ, ಮತ್ತು ತಪ್ಪಿದ್ದು ಅಲ್ಲಿಯೇ. ಸೀಸ-ಆಮ್ಲದ ಬ್ಯಾಟರಿ, ಎಜಿಎಂ ಕೂಡ ಅದೇ ಜಾತಿಯದು, ಸುಮಾರು 80 ಶೇಕಡದವರೆಗೆ ಚುರುಕಾಗಿ ಚಾರ್ಜ್ ಆಗುತ್ತದೆ. ಅಲ್ಲಿಂದ ಮುಂದೆ ಅದು ತೆಗೆದುಕೊಳ್ಳುವ ಕರೆಂಟ್ ಇಳಿಯುತ್ತಾ ಹೋಗುವುದರಿಂದ ಕೊನೆಯ 20 ಶೇಕಡಕ್ಕೆ ಹಲವು ಗಂಟೆಗಳು ಹಿಡಿಯುತ್ತವೆ. ಪೂರ್ತಿ ತುಂಬದೆ ಉಳಿದಷ್ಟು ದಿನ ಪ್ಲೇಟುಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ.

ಇದರ ಜೊತೆಗೆ ನಮ್ಮ ಗಾಡಿಯ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ, ಎಂಜಿನ್ ಕಂಪ್ಯೂಟರಿನ ಹಿಡಿತದಲ್ಲಿರುವ ಹೊಸ ಬಗೆಯದು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ತುಂಬಿತೆಂದು ಕಂಡೊಡನೆ ಇಂಧನ ಉಳಿಸಲು ಅದು ವೋಲ್ಟೇಜನ್ನು ತಗ್ಗಿಸಿಬಿಡುತ್ತದೆ. ನನಗೆ ಹಾಕಿಕೊಟ್ಟದ್ದು ವೋಲ್ಟೇಜ್ ನೋಡಿ ಎರಡೂ ಬ್ಯಾಟರಿಗಳನ್ನು ಜೋಡಿಸುವ ಸಾದಾ ರಿಲೇ, ಅಂದರೆ ತಾನಾಗಿಯೇ ಕೂಡುವ, ಬಿಡುವ ಸ್ವಿಚ್. ಅದು 13.3 ವೋಲ್ಟ್‌ಗೆ ಕೂಡಿಕೊಂಡು 12.8ಕ್ಕೆ ಬಿಟ್ಟುಕೊಳ್ಳುತ್ತಿತ್ತು. ಒಂದು ದಿನ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ನಿಂತೆ. ಮೊದಲ ಹತ್ತು ನಿಮಿಷ 14.2 ಇತ್ತು, ಆಮೇಲೆ ಅಂಕಿಗಳು ಮೆಲ್ಲನೆ ಇಳಿದು 12.7ಕ್ಕೆ ಬಂದವು, ರಿಲೇ 'ಟಕ್' ಎಂದಿತು. ಅಲ್ಲಿಂದ ಮುಂದೆ ಗಾಡಿ ಎಷ್ಟು ಓಡಿದರೂ ಎರಡನೇ ಬ್ಯಾಟರಿಗೆ ಏನೂ ಹೋಗುತ್ತಿರಲಿಲ್ಲ. ಇಂಥ ಗಾಡಿಗೆ ಇಂಥ ರಿಲೇ ಹೊಂದುವುದಿಲ್ಲವೆಂದು ಅಳವಡಿಸಿಕೊಟ್ಟವರು ನನಗೆ ಹೇಳಬೇಕಿತ್ತು. ಮೂರನೆಯ ವರ್ಷದ ಕೊನೆಯಲ್ಲಿ 5 ಆಂಪಿಯರ್‌ನ ಸ್ಥಿರ ಲೋಡ್ ಕೊಟ್ಟು ಅಳೆದಾಗ ಆ ಎಜಿಎಂನಲ್ಲಿ ಉಳಿದಿದ್ದದ್ದು 58 ಆಂಪಿಯರ್-ಅವರ್.

ಆಗ ರಿಲೇ ತೆಗೆಸಿ 25 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದೆ. ಈ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಲಾಭ ತಂದುಕೊಟ್ಟ ವಸ್ತು ಯಾವುದೆಂದು ಕೇಳಿದರೆ ನಾನು ಲಿಥಿಯಂ ಬ್ಯಾಟರಿಯ ಹೆಸರು ಹೇಳುವುದಿಲ್ಲ, ಈ ಚಾರ್ಜರಿನ ಹೆಸರು ಹೇಳುತ್ತೇನೆ. ಆಲ್ಟರ್ನೇಟರ್ 12.4 ವೋಲ್ಟ್ ಕೊಡಲಿ, 14.4 ಕೊಡಲಿ, ಇದು ಬ್ಯಾಟರಿಗೆ ಬೇಕಾದ ವೋಲ್ಟೇಜನ್ನು ತಾನೇ ಸಿದ್ಧಪಡಿಸಿ ಕಳುಹಿಸುತ್ತದೆ. ಮೂರು ಗಂಟೆಯ ಪ್ರಯಾಣದಲ್ಲಿ ಸುಮಾರು 75 ಆಂಪಿಯರ್-ಅವರ್ ಮರಳಿ ಬರುತ್ತದೆ, ಮತ್ತು ಲಿಥಿಯಂ ಬ್ಯಾಟರಿ ಹೆಚ್ಚುಕಡಿಮೆ ತುಂಬುವವರೆಗೂ ಅದೇ ವೇಗದಲ್ಲಿ ತೆಗೆದುಕೊಳ್ಳುತ್ತದೆ. ಇದರ ಇನ್ನೊಂದು ಉಪಕಾರವೆಂದರೆ ಕರೆಂಟಿಗೆ ಮಿತಿ ಹಾಕುವುದು; ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಜೋಡಿಸಿದರೆ ಅದು ಕೊಟ್ಟಷ್ಟನ್ನೂ ಎಳೆದುಕೊಳ್ಳುವುದರಿಂದ, ಗಾಡಿ ನಿಂತಲ್ಲೇ ಎಂಜಿನ್ ನಿಧಾನವಾಗಿ ಓಡುವಾಗ ಆಲ್ಟರ್ನೇಟರ್ ಕಾದು ಸುಟ್ಟುಹೋಗುವ ಅಪಾಯವಿದೆ. ಹಾಕಿಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಕಂಪ್ಯೂಟರ್ ಹಿಡಿತದ ಆಲ್ಟರ್ನೇಟರ್ ಇದ್ದರೆ ಚಾರ್ಜರಿಗೆ ಇಗ್ನಿಷನ್ನಿನಿಂದ ಒಂದು ಸೂಚನೆಯ ವೈರ್ ಎಳೆಯಲೇಬೇಕು, ಇಲ್ಲವಾದರೆ ಎಂಜಿನ್ ಓಡುತ್ತಿದೆಯೆಂದು ಅದಕ್ಕೆ ತಿಳಿಯುವುದಿಲ್ಲ. ಎರಡನೆಯದಾಗಿ, 25 ಆಂಪಿಯರ್ ಹೊರಗೆ ಕೊಡಲು ಅದು ತಗ್ಗಿದ ವೋಲ್ಟೇಜಿನಲ್ಲಿ 30ಕ್ಕೂ ಹೆಚ್ಚು ಒಳಗೆ ಎಳೆಯುತ್ತದೆ. ಬರುವ ಕಡೆಯ ವೈರನ್ನೂ ಫ್ಯೂಸನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ಎರಡೂ ಬ್ಯಾಟರಿಗಳ ಬಳಿ, ಧನ ತುದಿಗೆ ಆದಷ್ಟು ಹತ್ತಿರ, ಒಂದೊಂದು ಫ್ಯೂಸ್ ಇರಲೇಬೇಕು. ಆ ವೈರಿನ ಎರಡು ತುದಿಗಳಲ್ಲೂ ಬೆಂಕಿ ಹಚ್ಚಬಲ್ಲ ಶಕ್ತಿ ಕೂತಿದೆ ಎಂಬುದನ್ನು ಮರೆಯುವಂತಿಲ್ಲ.

ವೈರಿನ ದಪ್ಪದ ಪಾಠ ನಾನು ಕಲಿತದ್ದು ಒಂದು ರಾತ್ರಿ. ಲಿಥಿಯಂ ಹಾಕಿಸಿ ಎರಡು ತಿಂಗಳಾಗಿತ್ತು. ಬ್ಯಾಟರಿ ಮಾನಿಟರಿನಲ್ಲಿ 71 ಶೇಕಡ ಎಂದಿದ್ದರೂ ಫ್ರಿಜ್ ಕೆಂಪು ದೀಪ ಮಿಟುಕಿಸಿ ನಿಂತುಹೋಯಿತು. ಎರಡು ನಿಮಿಷ ಬಿಟ್ಟು ತಾನೇ ಶುರುವಾಯಿತು, ಮತ್ತೆ ನಿಂತಿತು. ಫೋನಿನಲ್ಲಿ ವಿಚಾರಿಸಿದಾಗ ಮಾರಿದವರು ಬ್ಯಾಟರಿಯೇ ಕೆಟ್ಟಿದೆ, ಬದಲಿಸಬೇಕು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಟಾರ್ಚ್ ಬೆಳಕಿನಲ್ಲಿ ಬ್ಯಾಟರಿಯ ತುದಿಗಳಲ್ಲಿ ಅಳೆದರೆ 13.2 ವೋಲ್ಟ್; ಕಂಪ್ರೆಸರ್ ಓಡುವಾಗ ಹಿಂದಿನ ಸಾಕೆಟ್ಟಿನಲ್ಲಿ ಅಳೆದರೆ 11.7. ನಡುವಿನ ಒಂದೂವರೆ ವೋಲ್ಟ್ ಗಾಡಿಯ ಜೊತೆಗೇ ಬಂದಿದ್ದ ತೆಳು ವೈರಿನಲ್ಲೂ ಸಡಿಲವಾದ ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲೂ ಕರಗಿಹೋಗುತ್ತಿತ್ತು; ಸಾಕೆಟ್ ಮುಟ್ಟಿದರೆ ಬೆಚ್ಚಗಿತ್ತು. ಬ್ಯಾಟರಿ ಪೂರ್ತಿ ಬರಿದಾಗದಂತೆ ಕಾಯುವ ಫ್ರಿಜ್‌ನ ರಕ್ಷಣೆಯ ಮಟ್ಟ ಮೇಲಿನ ಹಂತದಲ್ಲಿದ್ದು 11.8ಕ್ಕೇ ಕಡಿದುಕೊಳ್ಳುತ್ತಿತ್ತು. ಆ ರಾತ್ರಿಗೆ ಮಟ್ಟವನ್ನು ಕೆಳಗಿನ ಹಂತಕ್ಕೆ ಇಳಿಸಿದೆ. ಊರಿಗೆ ಮರಳಿದ ಮೇಲೆ 6 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಬ್ಯಾಟರಿಯಿಂದ ಪ್ರತ್ಯೇಕವಾಗಿ ಎಳೆದು, ಸಾಕೆಟ್ಟಿನ ಬದಲು ಹೆಚ್ಚು ಕರೆಂಟಿಗೆ ತಾಳುವ, ಬಿಗಿಯಾಗಿ ಕೂರುವ ಆಂಡರ್ಸನ್ ಪ್ಲಗ್ ಹಾಕಿದೆ. ಈಗ ಅದೇ ದೂರಕ್ಕೆ ಕಳೆದುಹೋಗುವುದು 0.2 ವೋಲ್ಟ್‌ಗಿಂತ ಕಡಿಮೆ. ಬ್ಯಾಟರಿ ಬದಲಿಸಿದ್ದರೆ ದುಡ್ಡೂ ಹೋಗುತ್ತಿತ್ತು, ತೊಂದರೆಯೂ ಹಾಗೆಯೇ ಉಳಿಯುತ್ತಿತ್ತು.

ಲಿಥಿಯಂ ಬಗ್ಗೆ ನನಗೆ ಮೆಚ್ಚಿಗೆಯಾದದ್ದು ಅದರ ತೂಕ. ಎಜಿಎಂ 29 ಕಿಲೋ ಇತ್ತು, ಇದು 12. ಒಬ್ಬಳೇ ಎತ್ತಿ ಕೂರಿಸಬಲ್ಲೆ. 100ರಲ್ಲಿ 80ನ್ನು ನಿಶ್ಚಿಂತೆಯಿಂದ ಬಳಸಬಹುದಾದ್ದರಿಂದ ಒಂದು ದಿನದ ದಾಸ್ತಾನು ಹೆಚ್ಚುಕಡಿಮೆ ಎರಡು ದಿನದ್ದಾಯಿತು. ಆದರೆ ಇದಕ್ಕೆ ತನ್ನದೇ ನಿಷ್ಠುರತೆಯಿದೆ. ಸೀಸದ ಬ್ಯಾಟರಿ ಇಳಿಯುವಾಗ ದೀಪ ಮಂಕಾಗಿ ಮುನ್ಸೂಚನೆ ಕೊಡುತ್ತದೆ. ಇದರ ವೋಲ್ಟೇಜ್ ಬಹುಪಾಲು 13ರ ಮೇಲೆಯೇ ನಿಂತಿದ್ದು, ಕೊನೆಯಲ್ಲಿ ಒಳಗಿನ ರಕ್ಷಣಾ ಸರ್ಕ್ಯೂಟ್ ಒಮ್ಮೆಲೇ ಎಲ್ಲವನ್ನೂ ಕಡಿದುಬಿಡುತ್ತದೆ. ಹಾಗಾಗಿ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಹೇಳುವಂತಿಲ್ಲ, ಒಳಬಂದದ್ದನ್ನೂ ಹೊರಹೋದದ್ದನ್ನೂ ಎಣಿಸುವ ಶಂಟ್ ಮಾನಿಟರ್ ಬೇಕೇ ಬೇಕು. ಅದೂ ದಿನ ಕಳೆದಂತೆ ಲೆಕ್ಕ ತಪ್ಪುತ್ತದೆ. ಆಗಾಗ ಪೂರ್ತಿ ಚಾರ್ಜ್ ಮಾಡಿದರೆ ಸರಿಹೋಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಏಕೆಂದರೆ ಲಿಥಿಯಂ ಲೋಹವಾಗಿ ಒಳಗಿನ ಎಲೆಕ್ಟ್ರೋಡಿನ ಮೇಲೆ ಕೂತು ಸೆಲ್ಲುಗಳನ್ನು ಶಾಶ್ವತವಾಗಿ ಕೆಡಿಸುತ್ತದೆ. ತಣ್ಣಗಿನ ಪ್ರದೇಶಗಳಿಗೆ ಹೋಗುವವರು ಚಳಿಯಲ್ಲಿ ಚಾರ್ಜ್ ತಡೆಯುವ ರಕ್ಷಣೆ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಬಾನೆಟ್ಟಿನ ಕೆಳಗಿನ ಕಾವೂ ಇದಕ್ಕೆ ಆಗದು. ಎರಡನೇ ಬ್ಯಾಟರಿಗೆ ಬಾನೆಟ್ಟಿನಡಿ ಮಾತ್ರ ಜಾಗವಿರುವವರಿಗೆ, ಮತ್ತು ಪ್ರವಾಸ ಮುಗಿದೊಡನೆ ಮನೆಯ ಚಾರ್ಜರಿಗೆ ಹಾಕಿ ರಾತ್ರಿಯಿಡೀ ಬಿಡುವ ಶಿಸ್ತು ಇರುವವರಿಗೆ, ನಾನು ಇಂದಿಗೂ ಎಜಿಎಂ ಅನ್ನೇ ಹೇಳುತ್ತೇನೆ.

ಸೌರ ಫಲಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. 120 ವಾಟ್‌ನ ಮಡಚುವ ಫಲಕ ನನ್ನಲ್ಲಿದೆ. ಒಳ್ಳೆಯ ಬಿಸಿಲಿನ ದಿನ ಸುಮಾರು 30 ಆಂಪಿಯರ್-ಅವರ್ ಕೊಡುತ್ತದೆ, ಮರದ ನೆರಳು ಒಂದು ಮೂಲೆಗೆ ಬಿದ್ದರೂ ಪಾತಾಳಕ್ಕಿಳಿಯುತ್ತದೆ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಫಲಕವನ್ನು ಉದ್ದನೆಯ ವೈರಿನಿಂದ ಬಿಸಿಲಿಗೆ ಒಯ್ದರೆ ಫ್ರಿಜ್ ಕಡಿಮೆ ಎಳೆಯುತ್ತದೆ, ಫಲಕ ಹೆಚ್ಚು ಕೊಡುತ್ತದೆ.

ಪ್ರವಾಸವಿಲ್ಲದ ತಿಂಗಳುಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಇರಿಸಿ, ಮುಖ್ಯ ಸ್ವಿಚ್ ಆರಿಸಿ ಬಿಡುತ್ತೇನೆ. ಎಜಿಎಂಗೆ ಇದರ ವಿರುದ್ಧ, ಪೂರ್ತಿ ತುಂಬಿಸಿಯೇ ಇಡಬೇಕಿತ್ತು. ವರ್ಷಕ್ಕೊಮ್ಮೆ ಹಳೆಯ 5 ಆಂಪಿಯರ್ ಲೋಡನ್ನೇ ಹಾಕಿ ಸಾಮರ್ಥ್ಯ ಅಳೆಯುವ ರೂಢಿ ಬಿಟ್ಟಿಲ್ಲ. ಕಳೆದ ತಿಂಗಳು ಬೆಳಿಗ್ಗೆ ಎಂಟಕ್ಕೆ ಶುರುಮಾಡಿದ್ದು ಮಾರನೆಯ ಬೆಳಗಿನ ಜಾವ ಮೂರಕ್ಕೆ ಕೆಲವು ನಿಮಿಷಗಳಿರುವಾಗ ಕಡಿದುಕೊಂಡಿತು. ಲೆಕ್ಕ ಹಾಕಿದರೆ 94 ಆಂಪಿಯರ್-ಅವರ್.